ಆನ್‌ಲೈನ್ ಪದವಿಯ ಶುಲ್ಕದಿಂದ ಸರ್ಕಾರಿ ವಿಶ್ವವಿದ್ಯಾಲಯ ನಡೆಯಬಹುದೇ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಫೋನಿನ ತೆರೆಯ ಮೇಲೆ ‘ಮನೆಯಲ್ಲೇ ಕುಳಿತು ಪದವಿ ಪಡೆಯಿರಿ’ ಎನ್ನುವ ಜಾಹೀರಾತುಗಳು ಸಾಲುಗಟ್ಟುತ್ತವೆ. ಹಿಂದೆ ಇಂಥ ಜಾಹೀರಾತು ಕೊಡುತ್ತಿದ್ದವರಲ್ಲಿ ಖಾಸಗಿ ಸಂಸ್ಥೆಗಳೇ ಹೆಚ್ಚಾಗಿದ್ದವು. ಈಗ ಸರ್ಕಾರಿ ವಿಶ್ವವಿದ್ಯಾಲಯಗಳೂ ಅದೇ ಸಾಲಿನಲ್ಲಿವೆ. ಇದೇ ಹೊತ್ತಿಗೆ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಬೇರೊಂದು ಬಗೆಯ ಸುದ್ದಿ ಬರುತ್ತಿರುತ್ತದೆ: ನಿವೃತ್ತ ಪ್ರಾಧ್ಯಾಪಕರಿಗೆ ಪಿಂಚಣಿ ತಡವಾಗಿದೆ, ಅತಿಥಿ ಉಪನ್ಯಾಸಕರ ಗೌರವಧನ ಬಾಕಿ ಇದೆ, ಸಿಂಡಿಕೇಟ್ ಸಭೆಯಲ್ಲಿ ಕೊರತೆ ಬಜೆಟ್ ಮಂಡನೆಯಾಗಿದೆ. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿಯು, ಹಿಂದಿನ ಸರ್ಕಾರದ ಅವಧಿಯಲ್ಲಿ ಆರಂಭವಾದ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಬೀದರ್ ಒಂದನ್ನು ಉಳಿಸಿಕೊಂಡು ಒಂಬತ್ತನ್ನು ಮುಚ್ಚುವಂತೆ ಶಿಫಾರಸು ಮಾಡಿದಾಗ, ವಿಶ್ವವಿದ್ಯಾಲಯವನ್ನು ನಡೆಸುವುದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಕ್ಯಾಂಪಸ್ಸಿನ ಕಾಂಪೌಂಡು ದಾಟಿ ಹೊರಗೆ ಬಂತು.

ಈ ಎರಡು ಬಗೆಯ ಸುದ್ದಿಗಳು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ಕಂಡರೂ, ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕಾದ ಬಾಬ್ತುಗಳು. ಆ ಲೆಕ್ಕವನ್ನು ಮೊದಲಿನಿಂದ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ದೂರಶಿಕ್ಷಣ ಬೇರೆ, ಆನ್‌ಲೈನ್ ಪದವಿ ಬೇರೆ

ಮಾತಿನಲ್ಲಿ ನಾವು ಎರಡನ್ನೂ ‘ಕರೆಸ್ಪಾಂಡೆನ್ಸ್’ ಎಂದುಬಿಡುತ್ತೇವೆ. ನಿಯಮದ ದೃಷ್ಟಿಯಲ್ಲಿ ಅವು ಎರಡು ಪ್ರತ್ಯೇಕ ಕ್ರಮಗಳು. ದೂರಶಿಕ್ಷಣದಲ್ಲಿ ವಿದ್ಯಾರ್ಥಿಗೆ ಮುದ್ರಿತ ಸಿದ್ಧಪಾಠಗಳು ತಲುಪುತ್ತವೆ, ಪ್ರಾದೇಶಿಕ ಕೇಂದ್ರಗಳಲ್ಲಿ ಸಂಪರ್ಕ ತರಗತಿಗಳು ನಡೆಯುತ್ತವೆ, ನಿಗದಿತ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕಾಗುತ್ತದೆ. ಇದಕ್ಕೆ ಭೌಗೋಳಿಕ ಎಲ್ಲೆಯೂ ಇದೆ: ರಾಜ್ಯದ ವಿಶ್ವವಿದ್ಯಾಲಯವೊಂದು ತನ್ನ ವ್ಯಾಪ್ತಿಯ ಹೊರಗೆ ದೂರಶಿಕ್ಷಣ ಕೇಂದ್ರ ತೆರೆಯುವಂತಿಲ್ಲ. ಆನ್‌ಲೈನ್ ಪದವಿಯಲ್ಲಿ ಪಾಠ, ಓದುವ ಸಾಮಗ್ರಿ, ಚರ್ಚೆ ಮತ್ತು ಮೌಲ್ಯಮಾಪನ ಈ ನಾಲ್ಕೂ ಅಂತರ್ಜಾಲದ ಮೂಲಕವೇ ನಡೆಯುತ್ತವೆ. ಮೇಲ್ವಿಚಾರಣೆ ಇರುವ ಪರೀಕ್ಷೆಯನ್ನೂ ಕಂಪ್ಯೂಟರ್ ಮೂಲಕ ನಡೆಸಲು ಅವಕಾಶವಿದೆ. ಇದಕ್ಕೆ ಎಲ್ಲೆಯ ಕಟ್ಟು ಇಲ್ಲ. ಮೈಸೂರಿನ ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸಿಗೆ ಅಸ್ಸಾಮಿನವರೂ ಸೇರಬಹುದು, ದುಬೈಯಲ್ಲಿ ಕೆಲಸಕ್ಕಿರುವ ಮಂಗಳೂರಿನವರೂ ಸೇರಬಹುದು. ಹಣದ ವಿಷಯಕ್ಕೆ ಬಂದಾಗ ಈ ಒಂದು ವ್ಯತ್ಯಾಸವೇ ಬಹಳ ದೊಡ್ಡದಾಗುತ್ತದೆ.

ಮೂರನೆಯದು ಬಿಡಿ ಕೋರ್ಸುಗಳು. 2017ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ವಯಂ’ ವೇದಿಕೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ಪಾಠ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯುತ್ತಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2021ರ ನಿಯಮದಂತೆ, ಕಾಲೇಜಿನಲ್ಲಿ ಓದುತ್ತಿರುವ ವಿದ್ಯಾರ್ಥಿಯು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಇಂಥ ವೇದಿಕೆಯಿಂದ ಪಡೆಯಲು ವಿಶ್ವವಿದ್ಯಾಲಯವು ಅವಕಾಶ ಕೊಡಬಹುದು. ಆದರೆ ಬಿಡಿ ಕೋರ್ಸಿನ ಪ್ರಮಾಣಪತ್ರವೇ ಪದವಿಯಲ್ಲ. ಜಾಹೀರಾತುಗಳು ಇವೆರಡನ್ನು ಆಗಾಗ ಒಂದೇ ಉಸಿರಿನಲ್ಲಿ ಹೇಳುತ್ತವೆ, ಬಹುಶಃ ಬೇಕೆಂದೇ.

ಅಂಚೆಯಿಂದ ಅಂತರ್ಜಾಲಕ್ಕೆ

ಕರ್ನಾಟಕಕ್ಕೆ ಇದು ಹೊಸ ದಾರಿಯೇನಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವು 1969ರಲ್ಲೇ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತ್ತು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ನೆಲೆ ಕಂಡಿತು. ಗಂಡನ ಮನೆಗೆ ಬಂದ ಮೇಲೆ ಬಿ.ಎ. ಮುಗಿಸಿದ ಹೆಣ್ಣುಮಕ್ಕಳು, ಬಡ್ತಿಗಾಗಿ ಎಂ.ಎ. ಮಾಡಿಕೊಂಡ ಪ್ರಾಥಮಿಕ ಶಾಲಾ ಶಿಕ್ಷಕರು, ಡ್ಯೂಟಿಯ ನಡುವೆ ಓದಿದ ಪೊಲೀಸ್ ಕಾನ್‌ಸ್ಟೆಬಲ್‌ಗಳು ಈ ದಾರಿಯಲ್ಲಿ ಬಂದವರು. ರಾಷ್ಟ್ರಮಟ್ಟದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 1985ರಲ್ಲಿ ಹುಟ್ಟಿತು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2020-21ರಲ್ಲಿ ದೇಶದ ಸುಮಾರು 4.13 ಕೋಟಿ ವಿದ್ಯಾರ್ಥಿಗಳ ಪೈಕಿ 45 ಲಕ್ಷಕ್ಕೂ ಹೆಚ್ಚು ಮಂದಿ ದೂರಶಿಕ್ಷಣದಲ್ಲಿದ್ದರು.

ಪೂರ್ಣ ಪದವಿಯನ್ನೇ ಆನ್‌ಲೈನಿನಲ್ಲಿ ಕೊಡುವುದಕ್ಕೆ ಬಾಗಿಲು ತೆರೆದದ್ದು 2018ರ ಯುಜಿಸಿ ನಿಯಮಾವಳಿ. ಕೊರೊನಾ ಕಾಲದ ಅನುಭವ ಅದಕ್ಕೆ ವೇಗ ಕೊಟ್ಟಿತು, ಮತ್ತು 2020ರ ಸೆಪ್ಟೆಂಬರಿನಲ್ಲಿ ದೂರಶಿಕ್ಷಣ ಹಾಗೂ ಆನ್‌ಲೈನ್ ಎರಡಕ್ಕೂ ಸೇರಿಸಿ ಹೊಸ ನಿಯಮಾವಳಿ ಬಂತು. ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯಿಂದ ಒಳ್ಳೆಯ ಶ್ರೇಯಾಂಕ ಪಡೆದಿರುವ, ಇಲ್ಲವೇ ರಾಷ್ಟ್ರೀಯ ರ‍್ಯಾಂಕಿಂಗಿನಲ್ಲಿ ಮೇಲಿನ ನೂರರಲ್ಲಿ ಕಾಣಿಸಿಕೊಳ್ಳುವ ವಿಶ್ವವಿದ್ಯಾಲಯಗಳಿಗೆ ಮಾತ್ರ ಅವಕಾಶ ಎಂಬುದು ಅದರ ಮೂಲ ಅಳತೆಗೋಲು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ, ಕಾನೂನು ಮುಂತಾದವನ್ನು ಹೊರಗಿಡಲಾಯಿತು. ಹೀಗೆ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಅದೇ ನಿಯಮಾವಳಿ ಹೇಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಅದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು.

ಈ ಒತ್ತಾಸೆಗೆ ಒಂದು ದೊಡ್ಡ ಕಾರಣವಿದೆ. 18ರಿಂದ 23 ವರ್ಷದ ಯುವಜನರ ಸಂಖ್ಯೆಗೆ ಹೋಲಿಸಿ ಕಾಲೇಜು ಹಂತದಲ್ಲಿ ಎಷ್ಟು ಮಂದಿ ಓದುತ್ತಿದ್ದಾರೆ ಎಂಬುದನ್ನು ಒಟ್ಟು ದಾಖಲಾತಿ ಪ್ರಮಾಣ ಎನ್ನುತ್ತಾರೆ. ಭಾರತದಲ್ಲಿ ಇದು 2021-22ರಲ್ಲಿ ಶೇ 28.4 ಇತ್ತು. ರಾಷ್ಟ್ರೀಯ ಶಿಕ್ಷಣ ನೀತಿಯು 2035ರ ಹೊತ್ತಿಗೆ ಇದನ್ನು ಶೇ 50ಕ್ಕೆ ಏರಿಸುವ ಗುರಿ ಇಟ್ಟಿದೆ. ಅಷ್ಟು ವಿದ್ಯಾರ್ಥಿಗಳಿಗೆ ಕಟ್ಟಡ ಕಟ್ಟಿ, ಅಧ್ಯಾಪಕರನ್ನು ನೇಮಿಸಿ, ಹಾಸ್ಟೆಲ್ ಕೊಡುವುದಕ್ಕೆ ತಗಲುವ ಹಣವನ್ನು ಯಾವ ಸರ್ಕಾರವೂ ಬಜೆಟ್ಟಿನಲ್ಲಿ ಇಟ್ಟಿಲ್ಲ. ಆನ್‌ಲೈನ್ ಕ್ರಮದ ಮೇಲೆ ಕಣ್ಣು ಬೀಳುವುದು ಇಲ್ಲಿಯೇ.

ವಿಶ್ವವಿದ್ಯಾಲಯದ ಹಣದ ಮೂಲಗಳು

ಸಂವಿಧಾನದ 42ನೇ ತಿದ್ದುಪಡಿಯ ನಂತರ, ಅಂದರೆ 1976ರಿಂದ, ಶಿಕ್ಷಣವು ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ವಿಷಯ. ವ್ಯವಹಾರದಲ್ಲಿ ಇದರ ಅರ್ಥ ಏನೆಂದರೆ, ಮಟ್ಟ ಎಷ್ಟಿರಬೇಕು ಎಂದು ನಿಗದಿ ಮಾಡುವುದು ದೆಹಲಿಯ ಯುಜಿಸಿ, ಆ ಮಟ್ಟವನ್ನು ಕಾಯಲು ತಿಂಗಳ ಸಂಬಳ ಕೊಡಬೇಕಾದದ್ದು ರಾಜ್ಯ ಸರ್ಕಾರ. ಅಧ್ಯಾಪಕರ ವೇತನ ಶ್ರೇಣಿಯೂ ಯುಜಿಸಿಯದೇ. ಏಳನೇ ವೇತನ ಆಯೋಗದ ನಂತರದ ಪರಿಷ್ಕರಣೆಯಲ್ಲಿ ಹೆಚ್ಚುವರಿ ಹೊರೆಯ ಅರ್ಧವನ್ನು ಕೇಂದ್ರ ಭರಿಸುತ್ತದೆ ಎಂದದ್ದು 2016ರ ಜನವರಿಯಿಂದ 2019ರ ಮಾರ್ಚ್‌ವರೆಗೆ ಮಾತ್ರ. ಅಲ್ಲಿಂದ ಮುಂದಿನ ಪೂರ್ಣ ಹೊರೆ ರಾಜ್ಯದ್ದು.

ರಾಜ್ಯದ ವಿಶ್ವವಿದ್ಯಾಲಯವೊಂದರ ಆಯವ್ಯಯ ಪತ್ರವನ್ನು ತೆರೆದರೆ ಜಮೆಯ ಕಡೆ ಸಾಮಾನ್ಯವಾಗಿ ಈ ಬಾಬ್ತುಗಳು ಕಾಣುತ್ತವೆ. ಮೊದಲನೆಯದು ಸರ್ಕಾರದ ಅನುದಾನ. ಇದರ ಬಹುಭಾಗ ಕಾಯಂ ನೌಕರರ ಸಂಬಳಕ್ಕೆ ಹೋಗುತ್ತದೆ. ಎರಡನೆಯದು ‘ಆಂತರಿಕ ಸಂಪನ್ಮೂಲ’: ಸಂಯೋಜಿತ ಕಾಲೇಜುಗಳು ಕಟ್ಟುವ ಶುಲ್ಕ, ಪರೀಕ್ಷಾ ಶುಲ್ಕ, ಸ್ನಾತಕೋತ್ತರ ವಿಭಾಗಗಳ ಪ್ರವೇಶ ಶುಲ್ಕ, ಅಂಕಪಟ್ಟಿ ಮತ್ತು ಘಟಿಕೋತ್ಸವದ ಶುಲ್ಕ, ಠೇವಣಿಯ ಬಡ್ಡಿ. ಮೂರನೆಯದು ಯೋಜನೆಗಳ ಹಣ. 2013ರ ರೂಸಾ ಯೋಜನೆ, ಅದರ ಮುಂದುವರಿಕೆಯಾಗಿ 2023ರಲ್ಲಿ ಬಂದ ಪಿಎಂ-ಉಷಾ ಯೋಜನೆ ಇಂಥವು. ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ಶೇ 60, ರಾಜ್ಯ ಶೇ 40 ಹಾಕುತ್ತವೆ. ಈ ಹಣದಲ್ಲಿ ಪ್ರಯೋಗಾಲಯ ಕಟ್ಟಬಹುದು, ಪಿಂಚಣಿ ಕೊಡಲಾಗುವುದಿಲ್ಲ.

ಖರ್ಚಿನ ಕಡೆಯಲ್ಲಿ ಹಳೆಯ ವಿಶ್ವವಿದ್ಯಾಲಯಗಳನ್ನು ಹೆಚ್ಚಾಗಿ ಕಾಡುತ್ತಿರುವುದು ಪಿಂಚಣಿ. ದಶಕಗಳ ಹಿಂದೆ ನೇಮಕವಾದವರು ನಿವೃತ್ತರಾಗುತ್ತ ಬಂದಂತೆ ಅದು ಏರುತ್ತಲೇ ಹೋಗುತ್ತದೆ. ಅವರ ಜಾಗಕ್ಕೆ ಕಾಯಂ ನೇಮಕ ಆಗದಿದ್ದಾಗ ಪಾಠ ನಿಲ್ಲಬಾರದೆಂದು ಅತಿಥಿ ಉಪನ್ಯಾಸಕರನ್ನು ತೆಗೆದುಕೊಳ್ಳುತ್ತಾರೆ, ಅವರ ಗೌರವಧನಕ್ಕೆ ಮತ್ತೆ ಆಂತರಿಕ ಸಂಪನ್ಮೂಲಕ್ಕೇ ಕೈಹಾಕಬೇಕಾಗುತ್ತದೆ.

ಆ ಸಂಪನ್ಮೂಲವೂ ಕುಗ್ಗಿದೆ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂಬ ಲೆಕ್ಕದಲ್ಲಿ ಮಂಡ್ಯ, ಹಾಸನ, ಚಾಮರಾಜನಗರಗಳಲ್ಲಿ ಹೊಸವು ಆರಂಭವಾದಾಗ ಆ ಜಿಲ್ಲೆಗಳ ಕಾಲೇಜುಗಳು ಮೈಸೂರಿನ ತೆಕ್ಕೆಯಿಂದ ಹೋದವು; ಅವುಗಳ ಜೊತೆಗೆ ಸಂಯೋಜನಾ ಶುಲ್ಕವೂ ಪರೀಕ್ಷಾ ಶುಲ್ಕವೂ ಹೋದವು. ಪಿಂಚಣಿದಾರರು ಮಾತ್ರ ಮೈಸೂರಿನಲ್ಲೇ ಉಳಿದರು. ಇತ್ತ ಹೊಸ ವಿಶ್ವವಿದ್ಯಾಲಯಗಳಿಗೆ ಕೆಲವೇ ಕಾಲೇಜುಗಳ ಶುಲ್ಕದಲ್ಲಿ ಬದುಕಬೇಕಾದ ಪರಿಸ್ಥಿತಿ ಬಂತು. ಪಾಲು ಮಾಡಿದ್ದರಿಂದ ಎರಡೂ ಕಡೆ ಹಣ ಸಾಲದಾಯಿತು.

ಸ್ವಂತ ಆದಾಯ ಹೆಚ್ಚಿಸಿಕೊಳ್ಳಿ ಎಂಬ ಮಾತು ಇಂದಿನದಲ್ಲ. 1993ರಲ್ಲಿ ನ್ಯಾಯಮೂರ್ತಿ ಪುನ್ನಯ್ಯ ಸಮಿತಿಯು, ವಿಶ್ವವಿದ್ಯಾಲಯಗಳು ತಮ್ಮ ಆವರ್ತಕ ವೆಚ್ಚದ ಶೇ 15ರಷ್ಟನ್ನು, ಕಾಲಕ್ರಮದಲ್ಲಿ ಶೇ 25ರಷ್ಟನ್ನು ತಾವೇ ಸಂಪಾದಿಸಿಕೊಳ್ಳಬೇಕೆಂದು ಹೇಳಿತ್ತು. ಅದಕ್ಕೂ ಮೊದಲು, 1964-66ರ ಕೊಠಾರಿ ಆಯೋಗ ಶಿಕ್ಷಣಕ್ಕೆ ರಾಷ್ಟ್ರೀಯ ವರಮಾನದ ಶೇ 6ರಷ್ಟು ಖರ್ಚಾಗಬೇಕು ಎಂದಿತ್ತು. ಈ ಎರಡು ಶಿಫಾರಸುಗಳಲ್ಲಿ ಸರ್ಕಾರಗಳು ಯಾವುದನ್ನು ಹೆಚ್ಚು ಶ್ರದ್ಧೆಯಿಂದ ಪಾಲಿಸಿವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಶೇ 6ರ ಗುರಿಯನ್ನು 2020ರ ಶಿಕ್ಷಣ ನೀತಿ ಮತ್ತೆ ಬರೆದಿದೆ.

ಆನ್‌ಲೈನ್ ನಿಜಕ್ಕೂ ಅಗ್ಗವೇ?

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೊರಟ ಸಾರಿಗೆ ಬಸ್ಸಿನಲ್ಲಿ ಹತ್ತು ಮಂದಿ ಇದ್ದರೂ ಐವತ್ತು ಮಂದಿ ಇದ್ದರೂ ಡೀಸೆಲ್ಲಿನ ಖರ್ಚು ಹೆಚ್ಚುಕಡಿಮೆ ಒಂದೇ, ಚಾಲಕನ ಸಂಬಳವೂ ಒಂದೇ. ಸೀಟು ತುಂಬುವವರೆಗೆ ಹೊಸ ಪ್ರಯಾಣಿಕರಿಂದ ಖರ್ಚು ಹೆಚ್ಚುವುದಿಲ್ಲ. ತುಂಬಿದ ಮೇಲೆ ಇನ್ನೊಂದು ಬಸ್ಸೇ ಬೇಕು. ತರಗತಿಯ ಕೋಣೆಯೂ ಹೀಗೆಯೇ. ಅರವತ್ತು ಮಂದಿಯ ಕೋಣೆ ತುಂಬಿದರೆ ಇನ್ನೊಂದು ಕೋಣೆ, ಇನ್ನೊಬ್ಬ ಅಧ್ಯಾಪಕರು ಬೇಕು. ಚಿತ್ರೀಕರಿಸಿಟ್ಟ ವಿಡಿಯೊ ಪಾಠವು ಎಷ್ಟು ಮಂದಿ ಹತ್ತಿದರೂ ಸೀಟು ತುಂಬದ ಬಸ್ಸು. ಅದನ್ನು ತಯಾರಿಸಲು ಒಮ್ಮೆ ಖರ್ಚಾಗುತ್ತದೆ. ಆಮೇಲೆ ಅದನ್ನು ನೂರು ಮಂದಿ ನೋಡಿದರೂ ಐದು ಸಾವಿರ ಮಂದಿ ನೋಡಿದರೂ ಖರ್ಚು ಹೆಚ್ಚೇನೂ ಏರುವುದಿಲ್ಲ. ಹಣಕಾಸು ಅಧಿಕಾರಿಗಳಿಗೆ ಈ ಕ್ರಮ ಹಿಡಿಸುವುದು ಈ ಕಾರಣಕ್ಕೆ.

ಆದರೆ ಪದವಿ ಎಂದರೆ ಪಾಠವನ್ನು ನೋಡುವುದಷ್ಟೇ ಅಲ್ಲ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಕೋರ್ಸಿನ ಒಂದು ವಿಷಯಕ್ಕೆ ಐದು ಸಾವಿರ ವಿದ್ಯಾರ್ಥಿಗಳಿದ್ದಾರೆ, ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಅಸೈನ್‌ಮೆಂಟ್ ಬರೆಯುತ್ತಾರೆ ಎಂದುಕೊಳ್ಳಿ. ಒಟ್ಟು ಹತ್ತು ಸಾವಿರ ಬರಹಗಳು. ಒಂದನ್ನು ಓದಿ, ಅಂಕ ಕೊಟ್ಟು, ಎಲ್ಲಿ ತಪ್ಪಿದೆ ಎಂದು ಎರಡು ಸಾಲು ಬರೆಯಲು ಹತ್ತು ನಿಮಿಷ ಸಾಕು ಎಂದರೂ ಒಂದು ಲಕ್ಷ ನಿಮಿಷ, ಅಂದರೆ ಸುಮಾರು 1,667 ಗಂಟೆ ಬೇಕು. ದಿನಕ್ಕೆ ಏಳು ಗಂಟೆಯಂತೆ ಕೂತರೆ 238 ದಿನ. ವರ್ಷಕ್ಕೆ 180 ಬೋಧನಾ ದಿನಗಳು ಇರಬೇಕೆಂಬುದು ಯುಜಿಸಿಯ ಲೆಕ್ಕ. ಒಬ್ಬ ಅಧ್ಯಾಪಕ ಬೇರೇನನ್ನೂ ಮಾಡದೆ ಇದೊಂದನ್ನೇ ಮಾಡಿದರೂ ಮುಗಿಯುವುದಿಲ್ಲ. ಅದಕ್ಕೇ ಹಲವು ಕಡೆ ಅಸೈನ್‌ಮೆಂಟುಗಳು ಬಹು ಆಯ್ಕೆಯ ಪ್ರಶ್ನೆಗಳಾಗಿ ಮಾರ್ಪಡುತ್ತವೆ, ಯಂತ್ರ ಅವನ್ನು ತಿದ್ದುತ್ತದೆ. ಲೆಕ್ಕಶಾಸ್ತ್ರಕ್ಕೆ ಅದು ಒಂದು ಮಟ್ಟಿಗೆ ನಡೆಯುತ್ತದೆ. ಪಂಪನ ಒಂದು ವೃತ್ತವನ್ನು ವಿವರಿಸಿ ಎಂಬ ಪ್ರಶ್ನೆಗೆ ನಡೆಯುವುದಿಲ್ಲ.

ನಿಯಮ ಮಾಡಿದವರಿಗೂ ಇದು ಗೊತ್ತಿದೆ. ಆನ್‌ಲೈನ್ ಕೋರ್ಸಿನಲ್ಲಿ ಪ್ರತಿ 250 ವಿದ್ಯಾರ್ಥಿಗಳ ತಂಡಕ್ಕೆ ಒಬ್ಬ ಮೆಂಟರ್ (ಮಾರ್ಗದರ್ಶಕ) ಇರಬೇಕೆಂದು 2020ರ ನಿಯಮಾವಳಿ ಹೇಳುವುದು ಈ ಕಾರಣಕ್ಕೆ. ವಿಡಿಯೊದ ಖರ್ಚು ಹೆಚ್ಚೇನೂ ಏರದಿದ್ದರೂ ಮಾರ್ಗದರ್ಶನ, ಮೌಲ್ಯಮಾಪನ ಮತ್ತು ಪರೀಕ್ಷೆಯ ಖರ್ಚು ವಿದ್ಯಾರ್ಥಿಗಳ ಸಂಖ್ಯೆಯ ಜೊತೆಗೇ ಬೆಳೆಯುತ್ತದೆ. ಜೊತೆಗೆ ಸರ್ವರ್ ಬಾಡಿಗೆ, ಸಾಫ್ಟ್‌ವೇರ್ ಪರವಾನಗಿ, ದೂರು ಕೇಳಿಸಿಕೊಳ್ಳುವ ಸಹಾಯವಾಣಿ ಇರಬೇಕು.

ದೊಡ್ಡ ಸಂಖ್ಯೆಯಲ್ಲಿ ನಡೆಸಿ ತೋರಿಸಿದ ನಿದರ್ಶನ ಐಐಟಿ ಮದ್ರಾಸಿನದು. 2020ರಲ್ಲಿ ಆರಂಭವಾದ ಅದರ ದತ್ತಾಂಶ ವಿಜ್ಞಾನದ ಕೋರ್ಸಿಗೆ ಸೇರಲು ಜೆಇಇ ಬೇಕಿಲ್ಲ. ಕೆಲವು ವಾರಗಳ ಪಾಠ ಕೇಳಿ ಅರ್ಹತಾ ಪರೀಕ್ಷೆ ತೇರ್ಗಡೆಯಾದರೆ ಸಾಕು. ಪಾಠ ಆನ್‌ಲೈನಿನಲ್ಲಿ, ಮುಖ್ಯ ಪರೀಕ್ಷೆಗಳು ಊರೂರಿನ ಕೇಂದ್ರಗಳಲ್ಲಿ ಖುದ್ದಾಗಿ. ನಡುವೆ ಬಿಟ್ಟವರಿಗೆ ಪ್ರಮಾಣಪತ್ರ ಅಥವಾ ಡಿಪ್ಲೊಮಾ ಸಿಗುತ್ತದೆ. ಕಡಿಮೆ ಆದಾಯದ ಕುಟುಂಬದವರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿಯೂ ಇದೆ. ಅಮೆರಿಕದ ಜಾರ್ಜಿಯಾ ಟೆಕ್ ಎಂಬ ಸರ್ಕಾರಿ ವಿಶ್ವವಿದ್ಯಾಲಯವು 2014ರಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಸುಮಾರು ಏಳು ಸಾವಿರ ಡಾಲರಿಗೆ ಆನ್‌ಲೈನಿನಲ್ಲಿ ಕೊಡಲು ಆರಂಭಿಸಿ ಹೆಸರು ಮಾಡಿತು. ಎರಡರಲ್ಲೂ ಎರಡು ಸಂಗತಿ ಗಮನಿಸಬೇಕು. ವಿಷಯ ಕಂಪ್ಯೂಟರಿನದು, ಬರೆದ ಪ್ರೋಗ್ರಾಮನ್ನು ಯಂತ್ರವೇ ಬಹುಮಟ್ಟಿಗೆ ತಿದ್ದಬಲ್ಲದು. ಹಾಗಿದ್ದರೂ ಬೋಧನಾ ಸಹಾಯಕರ ದೊಡ್ಡ ಪಡೆಯನ್ನೇ ಇಟ್ಟುಕೊಳ್ಳಬೇಕಾಗಿದೆ. ಎರಡನೆಯದಾಗಿ, ಆ ಸಂಸ್ಥೆಗಳ ಹೆಸರು, ಅಧ್ಯಾಪಕ ಬಳಗ, ಪ್ರಯೋಗಾಲಯಗಳು ದಶಕಗಳ ಸಾರ್ವಜನಿಕ ಹಣದಿಂದ ಮೊದಲೇ ಕಟ್ಟಿಕೊಂಡಂಥವು. ಆನ್‌ಲೈನ್ ಪದವಿ ಆ ಬಂಡವಾಳದ ಮೇಲೆ ನಿಂತಿತು.

ಮಿಕ್ಕ ಹಣ ಎಲ್ಲಿಗೆ ಹೋಗುತ್ತದೆ

ದೂರಶಿಕ್ಷಣದ ಶುಲ್ಕದಿಂದ ಉಳಿದದ್ದನ್ನು ಇತರ ವಿಭಾಗಗಳ ಖರ್ಚಿಗೆ ಹಾಕುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಳೆಯ ರೂಢಿ. ಬೆಂಗಳೂರು, ಧಾರವಾಡ, ಮಂಗಳೂರು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇವೆಲ್ಲ ಒಂದು ಕಾಲಕ್ಕೆ ದೂರಶಿಕ್ಷಣ ನಿರ್ದೇಶನಾಲಯಗಳನ್ನು ನಡೆಸುತ್ತಿದ್ದವು. ರಾಜ್ಯದಲ್ಲಿ ದೂರಶಿಕ್ಷಣವನ್ನು ಮುಕ್ತ ವಿಶ್ವವಿದ್ಯಾಲಯಕ್ಕೆ ಸೀಮಿತಗೊಳಿಸಿದಾಗ ಉಳಿದವರಿಗೆ ಆ ಆದಾಯ ತಪ್ಪಿತು. ಅವರಿಗೆ ಮತ್ತೆ ತೆರೆದುಕೊಳ್ಳಬಲ್ಲ ಬಾಗಿಲು ಆನ್‌ಲೈನ್ ಪದವಿ. ಮೈಸೂರು ವಿಶ್ವವಿದ್ಯಾಲಯ ಆ ಬಾಗಿಲಿನಿಂದ ಈಗಾಗಲೇ ಒಳಹೊಕ್ಕಿದೆ.

ಇಲ್ಲಿ ಮಧ್ಯವರ್ತಿ ಕಂಪನಿಗಳ ಮಾತೂ ಬರುತ್ತದೆ. ಪಾಠ ಚಿತ್ರೀಕರಿಸುವುದು, ವೇದಿಕೆ ನಡೆಸುವುದು, ಜಾಹೀರಾತು ಕೊಟ್ಟು ವಿದ್ಯಾರ್ಥಿಗಳನ್ನು ಕರೆತರುವುದು ಇವು ವಿಶ್ವವಿದ್ಯಾಲಯಕ್ಕೆ ಅಭ್ಯಾಸವಿಲ್ಲದ ಕೆಲಸಗಳು. ಹೊರಗಿನ ಕಂಪನಿಯೊಂದು ಇವನ್ನು ವಹಿಸಿಕೊಂಡಾಗ ವಿದ್ಯಾರ್ಥಿ ಕಟ್ಟಿದ ಶುಲ್ಕದಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ತಾಂತ್ರಿಕ ನೆರವು ಪಡೆಯುವುದು ತಪ್ಪಲ್ಲ. ಆದರೆ ಪ್ರವೇಶ, ಪಾಠ, ಮೌಲ್ಯಮಾಪನಗಳನ್ನೇ ಫ್ರಾಂಚೈಸಿ ಕೊಟ್ಟಂತೆ ಒಪ್ಪಿಸುವುದಕ್ಕೆ ಅವಕಾಶವಿಲ್ಲ ಎಂದು 2022ರ ಜನವರಿಯಲ್ಲಿ ಯುಜಿಸಿ ಎಚ್ಚರಿಸಿತು.

ಶುಲ್ಕವನ್ನೇ ನೆಚ್ಚಿಕೊಂಡಾಗ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗುತ್ತದೆ. ಮಾರುಕಟ್ಟೆಯಲ್ಲಿ ಎಂಬಿಎ, ಎಂಸಿಎ, ಬಿ.ಕಾಂ.ಗೆ ಬೇಡಿಕೆ ಇದೆ, ಶಾಸನಶಾಸ್ತ್ರಕ್ಕೆ ಇಲ್ಲ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯವನ್ನೇ ತೆಗೆದುಕೊಳ್ಳಿ. 1891ರಲ್ಲಿ ಸ್ಥಾಪನೆಯಾಗಿ ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಈ ಸಂಸ್ಥೆಯಲ್ಲಿ, ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದರು. ತಾಳೆಗರಿಗಳಿಗೆ ಹುಳು ಹಿಡಿಯದಂತೆ ಎಣ್ಣೆ ಸವರುವುದು, ಒಡೆದ ಗರಿಯ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದುವುದು, ಪಾಠಾಂತರಗಳನ್ನು ಪಟ್ಟಿ ಮಾಡುವುದು ಇಂಥ ಕೆಲಸಕ್ಕೆ ಶುಲ್ಕ ಕಟ್ಟುವ ವಿದ್ಯಾರ್ಥಿಗಳು ಸಾವಿರಗಟ್ಟಲೆ ಸಿಗುವುದಿಲ್ಲ. ಅದರ ಖರ್ಚನ್ನು ಅನುದಾನವೋ, ಬೇರೆ ಕೋರ್ಸಿನ ಮಿಗತೆಯೋ ಹೊರಬೇಕು. ಆನ್‌ಲೈನ್ ಶುಲ್ಕದ ಮಿಗತೆ ಪಿಂಚಣಿಯ ಕಂದಕ ತುಂಬುವುದಕ್ಕೇ ಸಾಲದೆ ಹೋದರೆ ಇಂಥ ವಿಭಾಗಗಳಿಗೆ ಉಳಿಯುವುದು ಅನುದಾನ ಒಂದೇ. ಆನ್‌ಲೈನ್ ಆದಾಯ ಬರುತ್ತದಲ್ಲ ಎಂಬ ನೆಪದಲ್ಲಿ ಸರ್ಕಾರವು ಆ ಅನುದಾನವನ್ನೂ ಕಡಿತ ಮಾಡಿದರೆ, ವರ್ಷದ ಕೊನೆಯ ಲೆಕ್ಕದಲ್ಲಿ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದದ್ದೇನೂ ಇರುವುದಿಲ್ಲ, ಕೆಲಸ ಮಾತ್ರ ಹೆಚ್ಚಾಗಿರುತ್ತದೆ.

ಶುಲ್ಕದ ಆಸೆ ಎಲ್ಲೆ ಮೀರಿದಾಗ

ಇದರ ಅಪಾಯವನ್ನು ಕರ್ನಾಟಕ ಒಮ್ಮೆ ಅನುಭವಿಸಿಯೇ ತಿಳಿದಿದೆ. ರಾಜ್ಯ ಮುಕ್ತ ವಿಶ್ವವಿದ್ಯಾಲಯವು ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ, ತಾಂತ್ರಿಕ ಕೋರ್ಸುಗಳನ್ನೂ ಸೇರಿಸಿ, ಶಿಕ್ಷಣ ಕೊಡುತ್ತಿದೆ ಎಂಬ ಕಾರಣಕ್ಕೆ 2012-13ರ ಸಾಲಿನ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನಿನಲ್ಲಿ ಪ್ರಕಟಿಸಿತು. ಹೊರರಾಜ್ಯದ ಕೇಂದ್ರಗಳ ವ್ಯವಹಾರಕ್ಕೂ, ಮಳವಳ್ಳಿಯಲ್ಲೋ ಸಿಂದಗಿಯಲ್ಲೋ ಕುಳಿತು ಕನ್ನಡ ಎಂ.ಎ. ಓದುತ್ತಿದ್ದವರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ನೇಮಕಾತಿ, ಬಡ್ತಿ, ಮುಂದಿನ ಓದಿಗೆ ಪ್ರವೇಶ ಎಲ್ಲೆಡೆ ತೊಂದರೆ ಅನುಭವಿಸಿದವರಲ್ಲಿ ಅವರೂ ಇದ್ದರು. 2018-19ರ ಸಾಲಿನಿಂದ ಮಾನ್ಯತೆ ಮರಳಿ ಬಂತು.

ಸೇರುವ ಮುನ್ನ ನೋಡಬೇಕಾದದ್ದು

ಮಾನ್ಯತೆ ಎಂಬುದು ವಿಶ್ವವಿದ್ಯಾಲಯದ ಹೆಸರಿಗೆ ಒಟ್ಟಾಗಿ ಸಿಗುವಂಥದ್ದಲ್ಲ. ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸು, ದೂರಶಿಕ್ಷಣವೋ ಆನ್‌ಲೈನೋ, ಯಾವ ಶೈಕ್ಷಣಿಕ ಸಾಲಿನ ಪ್ರವೇಶ ಎಂಬ ನಾಲ್ಕೂ ಕೂಡಿಬಂದರೆ ಮಾತ್ರ ಅದಕ್ಕೆ ಬೆಲೆ. ಈ ಪಟ್ಟಿ ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ಜಾಲತಾಣದಲ್ಲಿ ಸಿಗುತ್ತದೆ. 2024ರ ಸೆಪ್ಟೆಂಬರ್ ಸಾಲಿನಿಂದ ದೂರಶಿಕ್ಷಣಕ್ಕಾಗಲಿ ಆನ್‌ಲೈನ್ ಪದವಿಗಾಗಲಿ ಸೇರುವವರು ಅದೇ ತಾಣದಲ್ಲಿ ಡಿಇಬಿ ಗುರುತು ಸಂಖ್ಯೆಯನ್ನು ಮಾಡಿಸಿಕೊಳ್ಳುವುದು ಕಡ್ಡಾಯವಾಗಿದೆ. ಅದಕ್ಕೆ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಮಾಡುವ ಎಬಿಸಿ ಎಂಬ ಖಾತೆಯ ಸಂಖ್ಯೆ ಬೇಕು. ಆ ಸಂಖ್ಯೆ ಬೇಡವೇ ಬೇಡ, ಇವತ್ತೇ ಶುಲ್ಕ ಕಟ್ಟಿಬಿಡಿ ಎಂದು ಫೋನಿನಲ್ಲಿ ಯಾರಾದರೂ ಅವಸರಪಡಿಸಿದರೆ ಅಲ್ಲಿಗೆ ನಿಲ್ಲಿಸುವುದು ಕ್ಷೇಮ. ಕರೆ ಮಾಡಿದವರನ್ನು, ತಾವು ವಿಶ್ವವಿದ್ಯಾಲಯದ ನೌಕರರೋ ಅಥವಾ ಕಂಪನಿಯ ಕಡೆಯವರೋ, ಅಸೈನ್‌ಮೆಂಟುಗಳನ್ನು ತಿದ್ದುವವರು ಯಾರು, ಸಂದೇಹ ಕೇಳಿದರೆ ಎಷ್ಟು ದಿನಕ್ಕೆ ಉತ್ತರ ಬರುತ್ತದೆ ಎಂದು ವಿಚಾರಿಸಬಹುದು. ಮೆಂಟರ್‌ಗಳ ಸಂಬಳಕ್ಕೆ ಹಣ ಇಟ್ಟಿರುವ ವಿಶ್ವವಿದ್ಯಾಲಯಕ್ಕೆ ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರಿಸುವುದು ಕಷ್ಟವಾಗಬಾರದು.